ಹಳೇ ಇಂಜಿನ್‌ಗೆ ಟರ್ಬೊ ಬೇಡ ಅಂದಿದ್ದೇಕೆ: ನನ್ನ ಅನುಭವ

ನಮ್ಮದು ಮ್ಯಾಸ್ಸಿ 241 ಟ್ರ್ಯಾಕ್ಟರ್. ಮೂರು ಸಿಲಿಂಡರ್, 42 ಹೆಚ್‌ಪಿ, ಒಳಗೆ ಎರಡೂವರೆ ಲೀಟರ್‌ನ ಸಿಂಪ್ಸನ್ ಇಂಜಿನ್. ಚಿತ್ತಾಪುರ ಕಡೆಯ ಎರೆ ಹೊಲ. ಮುಂಗಾರಿಗೆ ತೊಗರಿ ಬಿತ್ತನೆ, ಡಿಸೆಂಬರ್-ಜನವರಿಗೆ ರಾಶಿ, ನಡುವೆ ಬಿಡುವು ಸಿಕ್ಕರೆ ಶಹಾಬಾದ್‌ನಿಂದ ಪರ್ಸಿ ಕಲ್ಲು ಹೇರೋದು. ಇಷ್ಟು ವರ್ಷ ದುಡಿದ ಮೇಲೆ ಇಂಜಿನ್ ಸುಸ್ತಾಗಿತ್ತು. ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿದುಹೋಗುತ್ತಿತ್ತು. ಶುರುವಾದರೆ ನೀಲಿ ಹೊಗೆ, ಇಂಜಿನ್ ಒಳಗಿನ ಗಾಳಿ ಹೊರಬಿಡೋ ಬ್ರೀದರ್ ಪೈಪಿನಿಂದ ಬುಸುಬುಸು ಗಾಳಿ, ಆಯಿಲ್ ಅಂತೂ ಸುರಿದಷ್ಟೂ ಸಾಲದು.

ಸಲಹೆಗೇನೂ ಬರ ಇರಲಿಲ್ಲ. ಅಣ್ಣನ ಮಗ, "ಕಾಕಾ, ಟರ್ಬೊ ಹಾಕಮ್, ಹಾರಿ ಹೋಗ್ತದ" ಅಂದ. ಟರ್ಬೊ ಅಂದ್ರೆ ಇಂಜಿನ್‌ಗೆ ಒತ್ತಿ ಗಾಳಿ ತುಂಬೋ ಸಾಧನ. ಪಕ್ಕದ ಹೊಲದವರು ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ಇಂಜಿನ್ ತಂದು ಕೂರಿಸಿ ಅಂದ್ರು. ನಮ್ಮ ಮೆಕ್ಯಾನಿಕ್ ಉಸ್ತಾದ್ ಮಾತ್ರ, "ಮೊದ್ಲ ಬಿಚ್ಚಿ ಅಳ್ದು ನೋಡಮ್ರಿ ಗೌಡ್ರೆ, ಆಮ್ಯಾಲ ಮಾತಾಡಮ್" ಅಂದ.

ಕಪ್ಪು ಹೊಗೆ ಆಗಿದ್ರೆ ಡೀಸೆಲ್ ಚಿಮ್ಮಿಸೋ ನಾಜಲ್, ಏರ್ ಕ್ಲೀನರ್ ನೋಡಿದರೆ ಸಾಕಿತ್ತು. ನೀಲಿ ಅಂದ್ರೆ ಆಯಿಲ್ ಉರೀತಿದೆ ಅಂತ. ನಾಜಲ್ ತೆಗೆದು ಆ ತೂತಿಗೆ ಗೇಜ್ ಕೂರಿಸಿ ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತುತ್ತೆ ಅಂತ ನೋಡಿದೆವು. ಗಟ್ಟಿ ಇರೋ ಡೀಸೆಲ್ ಇಂಜಿನ್ 400 ಪಿಎಸ್‌ಐ ಆಸುಪಾಸು ತೋರಿಸಬೇಕು, ನಮ್ಮದರಲ್ಲಿ ಎರಡು ಸಿಲಿಂಡರ್ 300 ಕೂಡ ಮುಟ್ಟಲಿಲ್ಲ. ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಇಳಿಸಿದ ಮೇಲೆ ಉಸ್ತಾದ್ ನನ್ನ ಬೆರಳು ಹಿಡಿದು ಲೈನರ್ ಒಳಗೆ, ಅಂದ್ರೆ ಪಿಸ್ಟನ್ ಓಡಾಡೋ ಕೊಳವೆಯೊಳಗೆ, ಇಡಿಸಿದ. ಉಗುರು ಮೇಲಕ್ಕೆ ಜಾರುತ್ತಾ ಹೋಗಿ, ಪಿಸ್ಟನ್‌ನ ಮೇಲಿನ ರಿಂಗ್ ನಿಲ್ಲೋ ಜಾಗದಲ್ಲಿ ಟಕ್ ಅಂತ ಒಂದು ಮೆಟ್ಟಿಲಿಗೆ ಸಿಕ್ಕಿಕೊಂಡಿತು. ಅಷ್ಟು ಸವೆದಿತ್ತು. ಕಾರಣವೂ ಸಿಕ್ತು: ಏರ್ ಕ್ಲೀನರ್‌ನಿಂದ ಇಂಜಿನ್‌ಗೆ ಹೋಗೋ ರಬ್ಬರ್ ಹೋಸ್, ಕ್ಲಿಪ್ಪಿನ ಅಡಿಯಲ್ಲಿ, ಹೊರಗೆ ಕಾಣದ ಹಾಗೆ ಸೀಳಿತ್ತು. ರಾಶಿ ಧೂಳೆಲ್ಲ ಅಲ್ಲಿಂದಲೇ ಒಳಗೆ.

ಇನ್ನು ಟರ್ಬೊ ವಿಷಯ. ಟರ್ಬೊ ತುಂಬೋದು ಬರೀ ಗಾಳಿ. ಅದಕ್ಕೆ ತಕ್ಕಂತೆ ಪಂಪ್‌ನಲ್ಲಿ ಡೀಸೆಲ್ ಜಾಸ್ತಿ ಮಾಡಿದರೇನೇ ಜೋರು ಬರೋದು, ಡೀಸೆಲ್ ಜಾಸ್ತಿಯಾದ್ರೆ ಶಾಖವೂ ಜಾಸ್ತಿ. ಟರ್ಬೊ ಸಮೇತ ಕಂಪನಿಯಿಂದ ಬರೋ ಇಂಜಿನ್‌ಗಳಲ್ಲಿ ಪಿಸ್ಟನ್, ಗ್ಯಾಸ್ಕೆಟ್, ರೇಡಿಯೇಟರ್ ಎಲ್ಲ ಆ ಶಾಖಕ್ಕೇ ಮಾಡಿರ್ತಾರೆ, ಎಷ್ಟೋ ಇಂಜಿನ್‌ಗಳಲ್ಲಿ ಪಿಸ್ಟನ್ ತಣ್ಣಗಿಡೋಕೆ ಕೆಳಗಿನಿಂದ ಆಯಿಲ್ ಚಿಮ್ಮಿಸೋ ಜೆಟ್ ಕೂಡ ಇರುತ್ತೆ. ನಮ್ಮದರಲ್ಲಿ ಅದ್ಯಾವುದೂ ಇಲ್ಲ. ಮೇಲೆ ಕಲಬುರಗಿ ಬಿಸಿಲು, ರೇಡಿಯೇಟರ್ ಜಾಲಿಗೆ ತೊಗರಿ ಹೊಟ್ಟು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದು. ಟರ್ಬೊಗೆ ಹೋದ ಆಯಿಲ್ ತಾನಾಗೇ ಇಳಿದು ಇಂಜಿನ್ ತಳದ ಸಂಪ್‌ಗೆ ವಾಪಸ್ ಬರಬೇಕು. ರಿಂಗ್ ಸವೆದು ಒಳಗೆ ಗಾಳಿ ಒತ್ತಡ ತುಂಬಿಕೊಂಡಿದ್ದರೆ ಅದು ಇಳಿಯಲ್ಲ, ಟರ್ಬೊ ಸೀಲ್ ದಾಟಿ ಗಾಳಿ ಜೊತೆ ಸಿಲಿಂಡರ್‌ಗೇ ನುಗ್ಗುತ್ತೆ. ಆಗ ಇಂಜಿನ್ ತನ್ನ ಆಯಿಲನ್ನೇ ಕುಡಿದು ಓಡೋಕೆ ಶುರು ಮಾಡಿದ್ರೆ ಡೀಸೆಲ್ ನಿಲ್ಲಿಸೋ ಸ್ಟಾಪ್ ಕೇಬಲ್ ಎಳೆದ್ರೂ ನಿಲ್ಲಲ್ಲ, ಗಾಳಿ ದಾರಿ ಮುಚ್ಚಬೇಕು. ಸರಿ, ಬೋರ್ ಮಾಡಿಸಿ (ಲೈನರ್, ಪಿಸ್ಟನ್ ಹೊಸದು ಹಾಕಿಸಿ) ಆಮೇಲೆ ಟರ್ಬೊ ಹಾಕಿದ್ರೆ? ಕ್ಲಚ್, ಗೇರ್, ಹಿಂದಿನ ಆ್ಯಕ್ಸಲ್ ಎಲ್ಲ 42 ಹೆಚ್‌ಪಿಗೇ ಮಾಡಿದ್ದು. ಅಲ್ಲಿಗೆ ಆ ಮಾತು ಬಿಟ್ಟೆ.

ಸೆಕೆಂಡ್ ಹ್ಯಾಂಡ್ ಇಂಜಿನ್ ಮಾತು ಬೇಗ ಮುಗೀತು. ಹೊರಗೆ ಬಣ್ಣ ಹೊಡೆದು ಮಿಂಚಿಸಿರ್ತಾರೆ, ತಂದ ಮೇಲೆ ಅದನ್ನೂ ಬಿಚ್ಚಿ ನೋಡಲೇಬೇಕು. ಇಂಜಿನ್ ನಂಬರ್ ಬದಲಾದ್ರೆ ಆರ್‌ಸಿ ತಿದ್ದಿಸಬೇಕು, ಆರ್‌ಟಿಒ ಒಪ್ಪಿಗೆ ಬೇಕು, ಬಿಲ್ ಬೇಕು. ಬಿಲ್ ಇಲ್ಲದ ಇಂಜಿನ್ ಅಗ್ಗ ಯಾಕಿರುತ್ತೆ ಅಂತ ಹೇಳಬೇಕಾ?

ಕೊನೆಗೆ ತೀರ್ಮಾನ ಮಾಡಿದ್ದು ಕ್ರ್ಯಾಂಕ್, ಅಂದ್ರೆ ಪಿಸ್ಟನ್‌ಗಳು ತಿರುಗಿಸೋ ಶಾಫ್ಟ್. ಲೇತ್‌ನಲ್ಲಿ ಅಳೆಸಿದಾಗ ಅದು ಇನ್ನೂ ಸ್ಟ್ಯಾಂಡರ್ಡ್ ಸೈಜ್‌ನಲ್ಲೇ ಇತ್ತು, 10 ಥೌ (ಇಂಚಿನ ಸಾವಿರದಲ್ಲಿ ಹತ್ತು ಪಾಲು) ಗ್ರೈಂಡಿಂಗ್ ಸಾಕು ಅಂದ್ರು. ಬ್ಲಾಕ್‌ನಲ್ಲಿ ಬಿರುಕಿಲ್ಲ. ಹಾಗಿದ್ರೆ ಬೋರ್ ಕೆಲಸವೇ ಸರಿ. ಕ್ರ್ಯಾಂಕ್ ಆಗಲೇ 30 ಥೌ ಇಳಿದಿದ್ದರೆ, ಇಲ್ಲ ಬ್ಲಾಕ್ ಸೀಳಿದ್ದರೆ, ಸಾಲ ಮಾಡಿಯಾದ್ರೂ ಬಿಲ್ ಸಮೇತ ಹೊಸ ಇಂಜಿನ್ ತರ್ತಿದ್ದೆ.

ಹಳೇ ಲೈನರ್ ಒತ್ತಿ ತೆಗೆಸಿ ಹೊಸ ಲೈನರ್, ಪಿಸ್ಟನ್, ರಿಂಗ್, ಬೇರಿಂಗ್ ಎಲ್ಲ ಹಾಕಿಸಿದೆ. ಹೆಡ್‌ನಲ್ಲಿ ವಾಲ್ವ್ ಕೂರಿಸಿ, ನಾಜಲ್ ಟೆಸ್ಟ್ ಮಾಡಿಸಿದ್ದಾಯ್ತು. ಹೇಗೂ ಇಂಜಿನ್ ಬಿಚ್ಚೋಕೆ ಟ್ರ್ಯಾಕ್ಟರ್ ಎರಡು ತುಂಡು ಮಾಡಿದ್ದಾಗಿತ್ತಲ್ಲ, ಕ್ಲಚ್ ಪ್ಲೇಟ್, ಹಿಂದಿನ ಆಯಿಲ್ ಸೀಲ್ ಕೂಡ ಬದಲಿಸಿದೆ. ಆಮೇಲೆ ಇದೊಂದಕ್ಕೇ ಬಿಚ್ಚಿಸಿದ್ರೆ ಮಜೂರಿ ಡಬಲ್. ಆ ಹೋಸ್ ಕೂಡ ಹೊಸದೇ.

ಶುರುವಿನಲ್ಲಿ ನೇಗಿಲು ಕಟ್ಟಲಿಲ್ಲ. ಹಾಗಂತ ಸುಮ್ನೆ ನಿಲ್ಲಿಸಿ ಓಡಿಸಲೂ ಇಲ್ಲ, ರಿಂಗ್ ಕೂರಬೇಕಂದ್ರೆ ಅರ್ಧ ಲೋಡಾದರೂ ಬೇಕು. ಖಾಲಿ ಟ್ರಾಲಿ, ಕುಂಟಿ, ಇಂಥ ಹಗುರ ಕೆಲಸ. 50 ಗಂಟೆಗೆ ಆಯಿಲ್, ಫಿಲ್ಟರ್ ಬದಲಿಸಿ ಹೆಡ್ ಬೋಲ್ಟ್ ಮತ್ತೆ ಬಿಗಿ ಮಾಡಿಸಿದೆ. ಈ ಸಲದ ರಾಶಿ ಅದರಲ್ಲೇ ಆಯ್ತು, ಬ್ರೀದರ್ ಬಾಯಿಗೆ ಕೈ ಹಿಡಿದ್ರೆ ಗಾಳಿ ಇದೆಯೋ ಇಲ್ಲವೋ ಅನ್ನೋ ಹಾಗಿದೆ. ಅಣ್ಣನ ಮಗ ಈಗಲೂ ಟರ್ಬೊ ಅಂತಾನೆ. ಅಷ್ಟು ಜೋರು ಬೇಕಿದ್ರೆ ಕಂಪನಿಯಿಂದಲೇ ಟರ್ಬೊ ಹಾಕಿ ಬಂದಿರೋ ಟ್ರ್ಯಾಕ್ಟರ್ ತಗೊಳ್ಳಲಿ, ನಾನೇನೂ ಅಡ್ಡ ಬರಲ್ಲ.