ಕನೆಕ್ಟ್ ಆಗದ ಹೆಡ್‌ಫೋನ್ ಮನೆಯಲ್ಲೇ ಸರಿ ಮಾಡಿದ್ದು: ನನ್ನ ಅನುಭವ

ಬ್ಲೂಟೂತ್ ಹೆಡ್‌ಫೋನ್ ಫೋನಿಗೆ ಕನೆಕ್ಟ್ ಆಗದಿದ್ದರೆ ಅದು ಹಾಳಾಯಿತು ಎಂದು ಕೂಡಲೇ ತೀರ್ಮಾನ ಮಾಡಬೇಡಿ. ನಮ್ಮ ಮನೆಯಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ ನಾನು ನೋಡಿಕೊಟ್ಟ ನೆಕ್‌ಬ್ಯಾಂಡ್, ಇಯರ್‌ಬಡ್, ದೊಡ್ಡ ಹೆಡ್‌ಫೋನ್‌ಗಳಲ್ಲಿ ಹೆಚ್ಚಿನವು ಒಂದು ಸ್ಕ್ರೂ ಸಹ ಬಿಚ್ಚದೆ ಸರಿಯಾಗಿವೆ. ಒಳಗಿನ ಸರ್ಕ್ಯೂಟು ಚೆನ್ನಾಗಿಯೇ ಇರುತ್ತದೆ. ಫೋನೂ ಹೆಡ್‌ಫೋನೂ ಒಂದನ್ನೊಂದು ನೆನಪಿಟ್ಟುಕೊಂಡದ್ದರಲ್ಲಿ ಏನೋ ತಪ್ಪಿರುತ್ತದೆ, ಅಷ್ಟೆ.

ನಾನಿರುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ. ನಮ್ಮಲ್ಲಿ ಹೆಡ್‌ಫೋನಿಗೆ ಮಳೆಗಾಲದಲ್ಲಿ ಕೆಲಸ ಜಾಸ್ತಿ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಮೇಲೆ ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುತ್ತದೆ. ಮಾವ ಜಗಲಿಯಲ್ಲಿ ಕುಳಿತು ಚಾಲಿ (ಒಣಗಿಸಿದ) ಅಡಿಕೆ ಸುಲಿಯುತ್ತಾ ಫೋನಿನಲ್ಲಿ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದ, ಹಾಡು ಮಾತುಗಳ ಯಕ್ಷಗಾನ ಕೇಳುತ್ತಾರೆ. ಹಂಚಿನ ಮಾಡಿಗೆ ಹೊಡೆಯುವ ಮಳೆಯ ಸದ್ದಿಗೆ ಫೋನಿನ ಸ್ಪೀಕರ್ ಕೇಳಿಸುವುದೇ ಇಲ್ಲ. ಹಾಗಾಗಿ ಕುತ್ತಿಗೆಗೆ ನೆಕ್‌ಬ್ಯಾಂಡ್ ಬೇಕೇ ಬೇಕು. ಅದರಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ವಾದಕ್ಕೆ ಬಿಸಿ ಏರುತ್ತಿರುವಾಗ ಅದು ಕೈಕೊಟ್ಟರೆ ನನ್ನನ್ನು ಕರೆಯುತ್ತಾರೆ. ನಾನು ಈ ಕೆಲಸ ಕಲಿತದ್ದು ಹಾಗೆ.

ಯಾರೇ ತಂದರೂ ನಾನು ಮೊದಲು ಕೇಳುವುದು ಒಂದೇ: ಕನೆಕ್ಟ್ ಆಗುವುದಿಲ್ಲ ಅಂದರೆ ನಿಜಕ್ಕೂ ಏನಾಗುತ್ತಿದೆ? ಹೆಡ್‌ಫೋನಿನ ಹೆಸರೇ ಫೋನಿನ ಪಟ್ಟಿಯಲ್ಲಿ ಬರುತ್ತಿಲ್ಲವೇ? ಹೆಸರು ಬರುತ್ತದೆ, ಒತ್ತಿದರೆ ಆಗುವುದಿಲ್ಲವೇ? ಅಥವಾ ಕನೆಕ್ಟೆಡ್ ಎಂದು ತೋರಿಸಿಯೂ ಸದ್ದು ಬರುತ್ತಿಲ್ಲವೇ? ಈ ಮೂರಕ್ಕೂ ಮದ್ದು ಬೇರೆ ಬೇರೆ. ಇದನ್ನು ಕೇಳದೆ ಸುಮ್ನೆ ಬ್ಲೂಟೂತ್ ಆಫ್ ಮಾಡಿ ಆನ್ ಮಾಡುತ್ತಾ ಕುಳಿತರೆ ಸಂಜೆಯಾದೀತು.

ಮಾವನ ನೆಕ್‌ಬ್ಯಾಂಡಿನದ್ದೇ ಹೇಳುತ್ತೇನೆ. ಸ್ವಿಚ್ ಒತ್ತಿದರೆ ಕಿವಿಯೊಳಗೆ ‘ಕನೆಕ್ಟೆಡ್’ ಎಂದು ಹೆಂಗಸಿನ ದನಿ ಬರುತ್ತಿತ್ತು. ಮಾವನ ಫೋನಿನಲ್ಲಿ ನೋಡಿದರೆ ಕನೆಕ್ಟ್ ಆಗಿಲ್ಲ. ಹಾಗಾದರೆ ಅದು ಬೇರೆ ಯಾವುದಕ್ಕೋ ಅಂಟಿಕೊಂಡಿದೆ ಎಂದರ್ಥ, ಅಲ್ವಾ? ಮನೆಯಲ್ಲಿ ನಾಲ್ಕಾರು ಫೋನು, ಒಂದು ಟ್ಯಾಬ್, ಒಂದು ಲ್ಯಾಪ್‌ಟಾಪ್ ಇರುವಾಗ ಯಾವುದಕ್ಕೆ ಎಂದು ಒಂದೊಂದನ್ನೇ ತೆರೆದು ನೋಡುತ್ತಾ ಹೋಗಬೇಕಾಗಿಲ್ಲ. ನೆಕ್‌ಬ್ಯಾಂಡನ್ನು ಕಿವಿಗೆ ಹಾಕಿ ಅದರ ಪ್ಲೇ ಬಟನ್ ಒತ್ತಿದೆ. ಕೇಳಿಸಿದ್ದು ಮಕ್ಕಳ ಕಾರ್ಟೂನ್. ಉಪ್ಪರಿಗೆಯಲ್ಲಿದ್ದ ಟ್ಯಾಬ್! ಮಗಳು ಹಿಂದಿನ ದಿನ ಅದರಲ್ಲಿ ನೋಡಿದ್ದಳು. ಹೆಡ್‌ಫೋನ್‌ಗಳು ಆನ್ ಆದ ಕೂಡಲೇ ಸಾಮಾನ್ಯವಾಗಿ ಹುಡುಕುವುದು ಕೊನೆಯ ಬಾರಿ ಜೊತೆಗಿದ್ದ ಸಾಧನವನ್ನು. ಅದು ಸಿಕ್ಕಿಬಿಟ್ಟರೆ ಬೇರೆಯವರ ಕಡೆ ತಿರುಗಿಯೂ ನೋಡುವುದಿಲ್ಲ. ಟ್ಯಾಬಿನ ಬ್ಲೂಟೂತ್ ಆಫ್ ಮಾಡಿದೆ, ಮಾವನ ಫೋನಿನಲ್ಲಿ ನೆಕ್‌ಬ್ಯಾಂಡಿನ ಹೆಸರು ಒತ್ತಿದೆ, ಭಾಗವತರ ಪದ ಶುರುವಾಯಿತು. ಈಗೀಗ ಎರಡು ಸಾಧನಕ್ಕೆ ಒಟ್ಟಿಗೆ ಕನೆಕ್ಟ್ ಆಗುವ ಹೆಡ್‌ಫೋನ್‌ಗಳು ಬಂದಿವೆ. ಅವುಗಳಲ್ಲಿ ಎರಡೂ ಜಾಗ ತುಂಬಿದ್ದರೆ ಮೂರನೆಯ ಫೋನಿಗೂ ಇದೇ ಪಾಡು.

ಹೆಸರೇ ಪಟ್ಟಿಯಲ್ಲಿ ಬರುವುದಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಹೆಡ್‌ಫೋನನ್ನು ಬರೇ ಆನ್ ಮಾಡಿರುತ್ತಾರೆ. ಹೊಸ ಫೋನಿಗೆ ಕಾಣಿಸಬೇಕಾದರೆ ಆನ್ ಮಾಡಿದರೆ ಸಾಲದು, ಪೇರಿಂಗ್ ಮೋಡಿಗೆ, ಅಂದರೆ ಹೊಸ ಫೋನಿಗೆ ಜೋಡಿಯಾಗಲು ಸಿದ್ಧವಾಗುವ ಸ್ಥಿತಿಗೆ ಹಾಕಬೇಕು. ಹೆಚ್ಚಿನ ನೆಕ್‌ಬ್ಯಾಂಡ್, ಹೆಡ್‌ಫೋನ್‌ಗಳಲ್ಲಿ ಆಫ್ ಇರುವಾಗ ಪವರ್ ಬಟನ್ ಒತ್ತಿ ಹಿಡಿಯಬೇಕು. ಆನ್ ಆದ ಸದ್ದು ಬಂದರೂ ಬೆರಳು ತೆಗೆಯಬಾರದು. ಐದರಿಂದ ಏಳು ಸೆಕೆಂಡಿನಲ್ಲಿ ದೀಪ ಕೆಂಪು, ನೀಲಿ ಎಂದು ಬದಲಾಗುತ್ತಾ ಮಿನುಗುತ್ತದೆ. ಕೆಲವದರಲ್ಲಿ ಬಿಳಿ ದೀಪ ಬೇಗ ಬೇಗ ಮಿನುಗುತ್ತದೆ. ನಿಧಾನವಾಗಿ ಮಿನುಗುವ ನೀಲಿ ದೀಪವೆಂದರೆ ಬರೇ ಆನ್ ಆಗಿದೆ ಎಂದಷ್ಟೇ. ಈ ವ್ಯತ್ಯಾಸ ಗೊತ್ತಾದರೆ ಅರ್ಧ ತೊಂದರೆ ಕಳೆಯಿತು.

ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬರುವುದೂ ಉಂಟು, ಒಂದರಲ್ಲಿ ಹೆಸರಿನ ಜೊತೆ ‘ಎಲ್‌ಇ’ ಎಂದಿರುತ್ತದೆ. ಅದನ್ನು ಒತ್ತಬೇಡಿ. ಪಕ್ಕದಲ್ಲಿ ಹೆಡ್‌ಫೋನಿನ ಚಿತ್ರ ಇರುವ ಇನ್ನೊಂದನ್ನೇ ಆರಿಸಿ.

ಇನ್ನು ಅತಿ ಹೆಚ್ಚು ತಲೆ ತಿನ್ನುವ ತೊಂದರೆ. ಹೆಸರು ಕಾಣಿಸುತ್ತದೆ, ಒತ್ತಿದರೆ ಕನೆಕ್ಟಿಂಗ್ ಎಂದು ತಿರುಗುತ್ತದೆ, ಕೊನೆಗೆ ಆಗಲಿಲ್ಲ ಎನ್ನುತ್ತದೆ. ಕೆಲವೊಮ್ಮೆ ಪಿನ್ ತಪ್ಪು ಎಂದೂ ಬರುತ್ತದೆ, ನಾವು ಪಿನ್ ಹಾಕಿಯೇ ಇರುವುದಿಲ್ಲ! ಇದರ ಒಳಗುಟ್ಟು ತಿಳಿದುಕೊಂಡರೆ ಒಳ್ಳೆಯದು. ಮೊದಲ ಸಲ ಪೇರ್ ಮಾಡುವಾಗ ಫೋನೂ ಹೆಡ್‌ಫೋನೂ ಸೇರಿ ಒಂದು ಗುಪ್ತ ಕೀಲಿಯನ್ನು ತಯಾರು ಮಾಡುತ್ತವೆ. ಆ ಕೀಲಿ ಎರಡರ ನೆನಪಿನಲ್ಲೂ ಉಳಿಯುತ್ತದೆ. ಮುಂದಿನ ಸಲ ಎರಡೂ ಕೀಲಿ ತಾಳೆಯಾದರೆ ಮಾತ್ರ ಬಾಗಿಲು ತೆರೆಯುತ್ತದೆ. ಒಂದು ಕಡೆಯದ್ದು ಅಳಿಸಿಹೋಯಿತು ಅಂತಿಟ್ಟುಕೊಳ್ಳಿ. ಹೆಡ್‌ಫೋನನ್ನು ಯಾರೋ ರಿಸೆಟ್ ಮಾಡಿರಬಹುದು. ಅಥವಾ ಅದರ ನೆನಪು ತುಂಬಿ ಹಳೆಯ ಫೋನುಗಳನ್ನು ಅದೇ ಹೊರಗೆ ಹಾಕಿರಬಹುದು. ಎಷ್ಟೋ ಹೆಡ್‌ಫೋನ್‌ಗಳು ಏಳೆಂಟು ಸಾಧನಗಳನ್ನಷ್ಟೇ ನೆನಪಿಡುತ್ತವೆ. ಮನೆಗೆ ಬಂದ ನೆಂಟರ ಮಕ್ಕಳೆಲ್ಲ ಒಮ್ಮೊಮ್ಮೆ ತಮ್ಮ ಫೋನಿಗೆ ಹಾಕಿ ನೋಡಿದರೆ ಸಾಕು, ಪಟ್ಟಿ ತುಂಬಿಹೋಗುತ್ತದೆ. ಫೋನ್ ಮಾತ್ರ ಹಳೆಯ ಕೀಲಿಯನ್ನೇ ಹಿಡಿದು ತಟ್ಟುತ್ತಿರುತ್ತದೆ. ಬ್ಲೂಟೂತನ್ನು ಎಷ್ಟು ಸಲ ಆಫ್ ಆನ್ ಮಾಡಿದರೂ ಆ ಕೀಲಿ ಬದಲಾಗುವುದಿಲ್ಲ.

ಇಂಥದ್ದಕ್ಕೆ ಎರಡೂ ಕಡೆಯಿಂದ ಅಳಿಸಬೇಕು. ಒಂದು ಕಡೆ ಅಳಿಸಿ ಇನ್ನೊಂದು ಕಡೆ ಬಿಟ್ಟು ಸುಸ್ತಾದವರನ್ನು ನಾನು ತುಂಬಾ ನೋಡಿದ್ದೇನೆ. ನಾನು ಮಾಡುವ ಕ್ರಮ ಹೀಗೆ. ಫೋನಿನಲ್ಲಿ ಬ್ಲೂಟೂತ್ ಸೆಟ್ಟಿಂಗಿಗೆ ಹೋಗಿ ಹೆಡ್‌ಫೋನಿನ ಹೆಸರಿನ ಪಕ್ಕದ ಹಲ್ಲುಚಕ್ರವನ್ನು ಒತ್ತುತ್ತೇನೆ. ಐಫೋನ್ ಆದರೆ ಅಲ್ಲಿ ವೃತ್ತದೊಳಗೆ ‘ಐ’ ಎಂಬ ಅಕ್ಷರ ಇರುತ್ತದೆ. ಅದರೊಳಗೆ ಫರ್ಗೆಟ್ ಅಥವಾ ಅನ್‌ಪೇರ್ ಎಂದಿರುತ್ತದೆ, ಒತ್ತಿದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ನಮ್ಮ ಕಡೆ ಒಬ್ಬರ ಫೋನು ಕನ್ನಡದಲ್ಲಿ, ಇನ್ನೊಬ್ಬರದ್ದು ಮಲಯಾಳದಲ್ಲಿ, ಮತ್ತೊಬ್ಬರದ್ದು ಇಂಗ್ಲಿಷಿನಲ್ಲಿ. ಅದಕ್ಕೇ ನಾನು ಯಾರಿಗೆ ಹೇಳಿಕೊಡುವಾಗಲೂ ಚಿಹ್ನೆ ತೋರಿಸಿ ಹೇಳುತ್ತೇನೆ, ಅದು ಎಲ್ಲ ಭಾಷೆಗೂ ಒಂದೇ. ಆಮೇಲೆ ಹೆಡ್‌ಫೋನ್ ರಿಸೆಟ್. ಇದು ಒಂದೊಂದು ಕಂಪೆನಿಯದ್ದು ಒಂದೊಂದು ತರಹ. ಕೆಲವದರಲ್ಲಿ ಪವರ್ ಬಟನ್ ಜೊತೆಗೆ ವಾಲ್ಯೂಮ್ ಬಟನ್ ಒತ್ತಿ ಹಿಡಿಯಬೇಕು. ಇಯರ್‌ಬಡ್ ಆದರೆ ಎರಡನ್ನೂ ಡಬ್ಬಿಯಲ್ಲಿಟ್ಟು ಡಬ್ಬಿಯ ಬಟನನ್ನು ಹತ್ತು ಹದಿನೈದು ಸೆಕೆಂಡ್ ಹಿಡಿಯಬೇಕಾದೀತು. ಪೆಟ್ಟಿಗೆಯೊಳಗೆ ಮಡಚಿಟ್ಟ ಚಿಕ್ಕ ಕಾಗದದಲ್ಲಿ ಇದು ಬರೆದಿರುತ್ತದೆ. ದಯವಿಟ್ಟು ಅದನ್ನು ಬಿಸಾಡಬೇಡಿ. ಬಿಸಾಡಿದ್ದರೆ ಮಾಡೆಲ್ ನಂಬರ್ ಹಾಕಿ ಹುಡುಕಿದರೆ ಸಿಗುತ್ತದೆ. ಕೊನೆಗೆ ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಹೆಡ್‌ಫೋನನ್ನು ಪೇರಿಂಗ್ ಮೋಡಿಗೆ ಹಾಕಿ, ಹೊಸದನ್ನು ಪೇರ್ ಮಾಡಿದ ಹಾಗೇ ಮಾಡುತ್ತೇನೆ. ಹಾಗೆ ಮಾಡುವಾಗ ಮನೆಯ ಬೇರೆಲ್ಲ ಫೋನುಗಳ ಬ್ಲೂಟೂತ್ ಆಫ್ ಇರಲಿ. ತೀರಾ ಹಳೆಯ ಹೆಡ್‌ಸೆಟ್ ನಿಜವಾಗಿಯೂ ಪಿನ್ ಕೇಳಿದರೆ 0000 ಹಾಕಿ, ಆಗದಿದ್ದರೆ 1234.

ಇದರಿಂದಲೂ ಆಗದಿದ್ದರೆ ಇನ್ನೊಂದು ಫೋನಿಗೆ ಹಾಕಿ ನೋಡುತ್ತೇನೆ. ಅಲ್ಲಿ ಆದರೆ ಹೆಡ್‌ಫೋನ್ ಸರಿ ಇದೆ, ಹುಡುಕಬೇಕಾದದ್ದು ಫೋನಿನಲ್ಲಿ. ಹಲವು ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗಿನಲ್ಲಿ ಸಿಸ್ಟಂ ಒಳಗೆ ರಿಸೆಟ್ ಎಂಬ ವಿಭಾಗ ಇರುತ್ತದೆ, ಅಲ್ಲಿ ವೈಫೈ, ಬ್ಲೂಟೂತ್ ಮಾತ್ರ ರಿಸೆಟ್ ಮಾಡುವ ದಾರಿ ಉಂಟು. ಫೋಟೋ, ಮೆಸೇಜು ಯಾವುದೂ ಹೋಗುವುದಿಲ್ಲ. ಆದರೆ ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ. ಹೆಡ್‌ಫೋನಿನ ಕಂಪೆನಿಯ ಆ್ಯಪ್ ಹಾಕಿದ್ದೀರಿ, ಆ್ಯಪಿಗೆ ಮಾತ್ರ ಹೆಡ್‌ಫೋನ್ ಕಾಣುತ್ತಿಲ್ಲ ಎಂದಾದರೆ ಅನುಮತಿ ನೋಡಿ. ಆಂಡ್ರಾಯ್ಡ್ 12ರಿಂದ ಈಚೆಗೆ ಹತ್ತಿರದ ಸಾಧನಗಳನ್ನು ನೋಡಲು ಆ್ಯಪ್‌ಗಳು ಪ್ರತ್ಯೇಕ ಅನುಮತಿ ಕೇಳುತ್ತವೆ. ಬೇಡ ಎಂದು ಒತ್ತಿಬಿಟ್ಟಿದ್ದರೆ ಆ್ಯಪ್ ಕುರುಡಾಗುತ್ತದೆ.

ಕನೆಕ್ಟೆಡ್ ಎಂದಿದ್ದೂ ಸದ್ದಿಲ್ಲದಿದ್ದರೆ ಅದು ಸುಲಭ. ಅದೇ ಹಲ್ಲುಚಕ್ರದೊಳಗೆ ಕರೆಗೆ ಒಂದು ಸ್ವಿಚ್, ಮೀಡಿಯಾ ಆಡಿಯೋಗೆ ಒಂದು ಸ್ವಿಚ್ ಇರುತ್ತದೆ. ಎರಡನೆಯದು ಆಫ್ ಆಗಿದ್ದರೆ ಫೋನ್ ಕರೆ ಕೇಳುತ್ತದೆ, ಹಾಡು ಕೇಳುವುದಿಲ್ಲ. ಆನ್ ಮಾಡಿದರೆ ಆಯಿತು.

ಈಗ ಮಳೆಗಾಲದ ಮಾತಿಗೆ ಬರುತ್ತೇನೆ. ಕಾಸರಗೋಡಿನ ಮಳೆಗೆ ಕಪಾಟಿನಲ್ಲಿಟ್ಟ ಬಟ್ಟೆಗೂ ಬೂಸು ಬರುತ್ತದೆ. ಲೋಹದ ಮೇಲೆ ಏನಾಗುತ್ತದೆ ಎಂದು ಇಯರ್‌ಬಡ್ ಡಬ್ಬಿಯೊಳಗೆ ಟಾರ್ಚ್ ಹಾಕಿ ನೋಡಿ. ತಳದಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಚಿನ್ನದ ಬಣ್ಣದ ಪಿನ್ನುಗಳಿರುತ್ತವೆ. ಇಯರ್‌ಬಡ್ಡಿನ ಮೈಮೇಲೆ ಅವುಗಳಿಗೆ ಸರಿಯಾಗಿ ಚುಕ್ಕೆಗಳಿರುತ್ತವೆ. ನೆರೆಮನೆಯ ಹುಡುಗ ಒಬ್ಬ ಎಡಗಿವಿಯದ್ದು ಕನೆಕ್ಟ್ ಆಗುವುದೇ ಇಲ್ಲ ಎಂದು ತಂದದ್ದರಲ್ಲಿ ಆ ಚುಕ್ಕೆಗಳ ಮೇಲೆ ಹಸಿರು ಕಿಲುಬು ಹಿಡಿದಿತ್ತು. ಬೆವರಿನ ಉಪ್ಪು, ಗಾಳಿಯ ತೇವ ಎರಡೂ ಸೇರಿದರೆ ಹೀಗಾಗುತ್ತದೆ. ಪಿನ್ನು ಚುಕ್ಕೆಗೆ ತಾಗದಿದ್ದರೆ ಚಾರ್ಜ್ ಆಗುವುದಿಲ್ಲ. ತನ್ನನ್ನು ಡಬ್ಬಿಗೆ ಹಾಕಿದ್ದು, ಹೊರಗೆ ತೆಗೆದದ್ದು ಯಾವುದೂ ಇಯರ್‌ಬಡ್ಡಿಗೆ ತಿಳಿಯುವುದಿಲ್ಲ. ಡಬ್ಬಿಯಲ್ಲಿ ದೀಪ ಉರಿಯುತ್ತಿರುತ್ತದೆ, ಒಳಗೆ ಎಡಗಿವಿಯದ್ದು ಸತ್ತು ಬಿದ್ದಿರುತ್ತದೆ.

ಔಷಧಿ ಅಂಗಡಿಯಲ್ಲೋ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೋ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ. ಕಿವಿ ಒರೆಸುವ ಹತ್ತಿಕಡ್ಡಿಯ ತುದಿಗೆ ಒಂದೇ ಹನಿ ಹಾಕಿ ಚುಕ್ಕೆಗಳ ಮೇಲೆ ಮೆಲ್ಲಗೆ ತಿಕ್ಕಿದೆ. ಹತ್ತಿ ಹಸಿರಾಯಿತು. ಕಡ್ಡಿ ಬದಲಿಸಿ ಹತ್ತಿ ಬಿಳಿಯಾಗಿಯೇ ಬರುವವರೆಗೆ ತಿಕ್ಕಿದೆ. ಡಬ್ಬಿಯೊಳಗಿನ ಪಿನ್ನುಗಳಿಗೆ ಮೆತ್ತಗಿನ ಹಲ್ಲುಜ್ಜುವ ಬ್ರಷ್ ಸಾಕು. ಒತ್ತಬಾರದು, ಅವು ಸ್ಪ್ರಿಂಗಿನ ಮೇಲೆ ನಿಂತಿರುತ್ತವೆ. ಸೂಜಿ, ಬ್ಲೇಡು ಬೇಡವೇ ಬೇಡ. ಮೇಲಿನ ಚಿನ್ನದ ಲೇಪ ಕೆರೆದುಹೋದರೆ ಮತ್ತೆ ಕಿಲುಬು ಇನ್ನೂ ಬೇಗ ಹಿಡಿಯುತ್ತದೆ. ಒಣಗಲು ಬಿಟ್ಟು, ಡಬ್ಬಿಯಲ್ಲಿಟ್ಟು ಚಾರ್ಜ್ ಮಾಡಿ, ಫೋನಿನಿಂದ ಹೆಸರು ಅಳಿಸಿ, ಎರಡನ್ನೂ ಒಟ್ಟಿಗೆ ರಿಸೆಟ್ ಮಾಡಿದೆ. ಎರಡನ್ನೂ ಒಟ್ಟಿಗೆ ಎಂಬುದು ಮುಖ್ಯ. ಎಡ ಬಲ ಎರಡೂ ಮೊದಲು ಪರಸ್ಪರ ಜೋಡಿಯಾಗಬೇಕು, ಆಮೇಲೆ ಫೋನ್. ಹುಡುಗ ಕಿವಿಗೆ ಹಾಕಿಕೊಂಡವನು ಎಡಗಡೆ ಬೆರಳು ತೋರಿಸಿ ನಕ್ಕ. ನನಗೆ ಆ ದಿನ ತುಂಬಾ ಖುಷಿಯಾಯಿತು. ಇಲ್ಲವಾದರೆ ಒಳ್ಳೆಯ ಇಯರ್‌ಬಡ್ ಒಂದು ಕಸಕ್ಕೆ ಹೋಗುತ್ತಿತ್ತು.

ಚಾರ್ಜಿನ ಬಗ್ಗೆ ಇನ್ನೊಂದು ವಿಷಯ. ಕಡಿಮೆ ಬೆಲೆಯ ಕೆಲವು ಹೆಡ್‌ಫೋನ್‌ಗಳು ಎರಡೂ ತುದಿ ಟೈಪ್ ಸಿ ಇರುವ ಕೇಬಲಿನಲ್ಲಿ ಚಾರ್ಜೇ ಆಗುವುದಿಲ್ಲ. ನನಗೆ ಕರೆಂಟು ಬೇಕು ಎಂದು ಚಾರ್ಜರಿಗೆ ತಿಳಿಸುವ ಚಿಕ್ಕ ರೆಸಿಸ್ಟರ್‌ಗಳನ್ನು ಅವುಗಳಲ್ಲಿ ಹಾಕಿರುವುದಿಲ್ಲ. ಟೈಪ್ ಸಿ ಚಾರ್ಜರ್ ಆ ಸೂಚನೆ ಸಿಗದೆ ಕರೆಂಟು ಬಿಡುವುದೂ ಇಲ್ಲ. ಹಳೆಯ ಅಗಲ ಯುಎಸ್‌ಬಿ ತುದಿಯ ಕೇಬಲನ್ನು ಹಳೆಯ ಚಾರ್ಜರಿಗೆ ಸಿಕ್ಕಿಸಿದರೆ ಅದೇ ಹೆಡ್‌ಫೋನ್ ಚಾರ್ಜ್ ಆಗುತ್ತದೆ. ಫೋನ್ ಬದಲಾಯಿಸಿದ ಮೇಲೆ ಹೆಡ್‌ಫೋನ್ ಸತ್ತಿತು ಎನ್ನುವವರ ಮನೆಯಲ್ಲಿ ಬದಲಾದದ್ದು ಚಾರ್ಜರೂ ಹೌದು. ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದನ್ನು ಹೀಗೆ ಚಾರ್ಜಿಗೆ ಹಾಕಿ ತುಸು ಹೊತ್ತು ಬಿಡಿ, ಕೂಡಲೇ ದೀಪ ಬರದಿದ್ದರೂ ತೆಗೆಯಬೇಡಿ. ತೀರಾ ಇಳಿದ ಲಿಥಿಯಂ ಬ್ಯಾಟರಿ ಏಳಲು ಹೊತ್ತು ಬೇಕು. ಬ್ಯಾಟರಿ ಕಡಿಮೆ ಇದ್ದಾಗ ದೀಪ ಉರಿದರೂ ಪೇರಿಂಗ್ ನಡುವೆಯೇ ಕೈಬಿಡುವುದುಂಟು. ಹಾಗಾಗಿ ನಾನು ಪೂರ್ತಿ ಚಾರ್ಜ್ ಮಾಡದೆ ಯಾವ ಪರೀಕ್ಷೆಗೂ ಕೈ ಹಾಕುವುದಿಲ್ಲ.

ಕನೆಕ್ಟ್ ಆಗಿ ಆಗಾಗ ಕಡಿದುಹೋಗುವುದು ಬೇರೆ ಕತೆ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ಹಳೆಯ ವೈಫೈಯೂ ಅಲ್ಲೇ, ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅಲ್ಲೇ. ಅಡಚಣೆ ತಪ್ಪಿಸಿಕೊಳ್ಳಲು ಅದು ಸೆಕೆಂಡಿಗೆ 1600 ಸಲ ಚಾನೆಲ್ ಬದಲಾಯಿಸುತ್ತಿರುತ್ತದೆ. ಆದರೂ ನೀರು ಎದುರಾದರೆ ಸೋಲುತ್ತದೆ, ನಮ್ಮ ಮೈಯಲ್ಲಿ ಇರುವುದು ಹೆಚ್ಚಾಗಿ ನೀರೇ. ಮಾವ ಫೋನನ್ನು ಜಗಲಿಯಲ್ಲಿಟ್ಟು ತೋಟಕ್ಕೆ ಇಳಿದರೆ ನೆನೆದ ಅಡಿಕೆ ಮರಗಳ ನಡುವೆ ಹತ್ತು ಮೀಟರ್ ದಾಟುವ ಮೊದಲೇ ಮಾತು ತುಂಡು ತುಂಡಾಗುತ್ತದೆ. ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಗಿಯ ಜೇಬಿನಲ್ಲಿಟ್ಟುಕೊಳ್ಳಲು ಹೇಳಿದೆ, ಈಗ ತೊಂದರೆ ಇಲ್ಲ.

ನಾನು ಕೈಬಿಡುವುದು ಒಂದೇ ಸಂದರ್ಭದಲ್ಲಿ. ಚಾರ್ಜಿಗೆ ಹಾಕಿದಾಗ ವಿಪರೀತ ಬಿಸಿಯಾದರೆ, ಡಬ್ಬಿಯೋ ಇಯರ್‌ಬಡ್ಡೋ ಉಬ್ಬಿ ಸಂಧಿ ಬಿಟ್ಟಿದ್ದರೆ ಆ ಕ್ಷಣವೇ ಕೇಬಲ್ ತೆಗೆಯುತ್ತೇನೆ. ಊದಿದ ಲಿಥಿಯಂ ಬ್ಯಾಟರಿಯನ್ನು ಬಿಚ್ಚಲು, ಚುಚ್ಚಲು ಹೋಗಬಾರದು, ಒಲೆಗೂ ಹಾಕಬಾರದು. ಮಕ್ಕಳ ಕೈಗೆ ಸಿಗದ ಹಾಗೆ ಒಣ ಜಾಗದಲ್ಲಿ ಬೇರೆಯಾಗಿ ಇಟ್ಟು, ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು ಬಂದಾಗ ಇ-ತ್ಯಾಜ್ಯ ಯಾವಾಗ ತೆಗೆದುಕೊಳ್ಳುತ್ತೀರಿ ಎಂದು ಕೇಳಿ, ಆ ದಿನ ಕೊಡುತ್ತೇನೆ.