ಅಡಿಕೆ ಮರ ಹತ್ತುವವರನ್ನು ಊರಿನಲ್ಲೇ ತಯಾರು ಮಾಡಿದ ಬಗೆ

ಸುಳ್ಯ ತಾಲೂಕಿನ ನಮ್ಮ ಊರಿನಲ್ಲಿ ಅಡಿಕೆ ಮರ ಹತ್ತುವವರು ನಾಲ್ಕೇ ಜನ ಉಳಿದಿದ್ದರು. ಅವರಲ್ಲಿ ಕಿರಿಯವರಿಗೇ ಐವತ್ತು ದಾಟಿತ್ತು. ಒಂದು ವರ್ಷ ಜುಲೈಯಲ್ಲಿ ರೋಗ ತಡೆಯುವ ಎರಡನೆಯ ಸುತ್ತಿನ ಮದ್ದನ್ನು ಮರದ ಮೇಲಿನ ಕಾಯಿಗಳಿಗೆ ಬಿಡಿಸಲು ಮೂರು ವಾರ ಕಾದೆ. ಅವರ ಕೈಗೆ ನನ್ನ ತೋಟದ ಸರದಿ ಬರುವಷ್ಟರಲ್ಲಿ ತಗ್ಗಿನ ಭಾಗಕ್ಕೆಲ್ಲ ಮಹಾಳಿ ಎಂಬ ಕೊಳೆರೋಗ ಹಬ್ಬಿ, ಬಿಳಿ ಬೂಸ್ಟು ಹಿಡಿದ ಎಳೆಕಾಯಿಗಳು ಬುಡದ ತುಂಬ ಉದುರಿದ್ದವು. ಮದ್ದಿಗೆ ಬೇಕಾದ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ, ಪಂಪು ಎಲ್ಲವೂ ಮನೆಯಲ್ಲಿದ್ದೂ ಹತ್ತುವ ಒಬ್ಬ ಆಳಿಲ್ಲದೆ ಬೆಳೆ ಕಳೆದುಕೊಂಡ ಆ ಮಳೆಗಾಲದ ನೋವೇ ನಾವು ಹತ್ತು ಮನೆಯ ಬೆಳೆಗಾರರನ್ನು ಒಂದು ಕಡೆ ಕೂರಿಸಿತು.

ಕೇರಳದಲ್ಲಿ ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿದ ತೆಂಗಿನ ಮರ ಹತ್ತುವವರ ತರಬೇತಿಯ ವಿಷಯ ನಮಗೆ ಗೊತ್ತಿತ್ತು. ಆದರೆ ತೆಂಗಿನ ಮರ ಬೇರೆ, ಅಡಿಕೆ ಮರ ಬೇರೆ. ಐವತ್ತು ಅಡಿ ಎತ್ತರದ ಸಪೂರ ಅಡಿಕೆ ಮರವು ಹತ್ತುವವನ ಭಾರಕ್ಕೇ ತೂಗಾಡುತ್ತದೆ. ಆದ್ದರಿಂದ ಊರಿನ ಹಿರಿಯ ಕೊನೆಗಾರರೊಬ್ಬರನ್ನೇ (ಮರ ಹತ್ತಿ ಅಡಿಕೆ ಗೊನೆ ಇಳಿಸುವವರು) ಗುರುವಾಗಿ ಇಟ್ಟುಕೊಂಡು, ಅವರಿಗೆ ಮಾಮೂಲಿ ಸಂಬಳಕ್ಕಿಂತ ಹೆಚ್ಚು ಕೊಟ್ಟು, ಹನ್ನೊಂದು ಹುಡುಗರಿಗೆ ಐದು ದಿನದ ತರಬೇತಿ ಏರ್ಪಡಿಸಿದೆವು. ಮೊದಲ ದಿನ ಹತ್ತಡಿಗಿಂತ ಮೇಲೆ ಯಾರೂ ಹೋಗುವಂತಿರಲಿಲ್ಲ. ಕಾಲಿಗೆ ತಳೆ (ಹಿಡಿತಕ್ಕೆ ಹಾಕುವ ಹಗ್ಗದ ಬಳೆ) ಹಾಕಿಕೊಂಡು ಏರುವುದು, ಇಳಿಯುವುದು, ಅಷ್ಟೇ. ಮರದ ಮೇಲಿನ ಪಾಚಿಯನ್ನು ಗುರುತಿಸಲು ಅವರು ಹೇಳಿಕೊಟ್ಟ ಮಾತು ನನಗೆ ಈಗಲೂ ನೆನಪಿದೆ: "ಕಣ್ಣಲ್ಲಿ ನೋಡಿದರೆ ಗೊತ್ತಾಗುವುದಿಲ್ಲ ಮಗಾ, ಅಂಗೈ ಒತ್ತಿ ಕೆಳಗೆ ಎಳೆದು ನೋಡು. ಜಾರಿದರೆ ಆ ಮರ ಇವತ್ತು ಬೇಡ." ಇಳಿಯದೆ ಒಂದು ಮರದಿಂದ ಇನ್ನೊಂದಕ್ಕೆ ದಾಟುವ ವಿದ್ಯೆಯನ್ನು ಮಾತ್ರ ನಾವು ಕಲಿಸಲಿಲ್ಲ. ಅದರಿಂದ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಹೊಸಬರ ಜೀವವನ್ನು ಪಣಕ್ಕಿಡುವಷ್ಟು ಅವಸರ ಯಾವ ತೋಟಕ್ಕೂ ಇರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹತ್ತಲು ಬಂದವನಿಗೆ ಮದ್ದು ಮಾಡಲೂ ಬರಬೇಕು. ಒಂದು ಕಿಲೋ ಮೈಲುತುತ್ತನ್ನು ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೈವತ್ತು ಲೀಟರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯುತ್ತ ಕದಡಬೇಕು. ಆಮೇಲೆ ಚೆನ್ನಾಗಿ ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆದರೆ ಅಲಗಿನ ಮೇಲೆ ತಾಮ್ರದ ಕೆಂಪು ಕೂರಬಾರದು. ಕೂತರೆ ಸುಣ್ಣ ಸಾಲದು ಎಂದರ್ಥ. ಈ ಪರೀಕ್ಷೆಯನ್ನು ಪ್ರತಿಯೊಬ್ಬ ಹುಡುಗನ ಕೈಯಿಂದಲೂ ಮಾಡಿಸಿದೆವು.

ಇಷ್ಟೆಲ್ಲ ಮಾಡಿಯೂ ಮೂರು ತಿಂಗಳ ನಂತರ ಕೆಲಸದಲ್ಲಿ ಉಳಿದವರು ಮೂವರು. ಹುಡುಗರಿಗೆ ಧೈರ್ಯ ಸಾಲಲಿಲ್ಲ ಎಂದು ನಮ್ಮಲ್ಲಿ ಕೆಲವರು ಹೇಳಿದರು. ನಾನು ಬಿಟ್ಟುಹೋದವರ ಮನೆಗಳಿಗೆ ಹೋಗಿ ವಿಚಾರಿಸಿದಾಗ ತಪ್ಪು ನಮ್ಮದೆಂದು ತಿಳಿಯಿತು. ಮಳೆ ಬಿಟ್ಟ ನಾಲ್ಕು ದಿನ ಎಲ್ಲರೂ ಒಟ್ಟಿಗೆ ಕರೆಯುತ್ತಿದ್ದೆವು, ಮುಂದಿನ ಇಪ್ಪತ್ತು ದಿನ ಯಾರೂ ಕರೆಯುತ್ತಿರಲಿಲ್ಲ. ಒಬ್ಬ ಹುಡುಗನ ತಾಯಿ, "ಇವನು ಬಿದ್ದರೆ ಯಾರು ನೋಡುತ್ತಾರೆ ಅಣ್ಣಾ? ಮರ ಹತ್ತುವವನಿಗೆ ಹೆಣ್ಣಾದರೂ ಯಾರು ಕೊಡುತ್ತಾರೆ?" ಎಂದು ಕೇಳಿದರು. ಎರಡನೆಯ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಮೊದಲನೆಯದಕ್ಕೆ ಆದಷ್ಟು ಮಾಡಿದೆವು. ಬಿಡದೆ ಉಳಿದ ಮೂವರನ್ನೂ, ಮರುವರ್ಷ ಸೇರಿದ ಆರು ಮಂದಿಯನ್ನೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿಸಿ, ವರ್ಷಕ್ಕೆ 20 ರೂಪಾಯಿಯ ಕಂತನ್ನು ನಾವೇ ಕಟ್ಟಿದೆವು. ಅಪಘಾತದಲ್ಲಿ ಜೀವ ಹೋದರೆ ಅದರಿಂದ 2 ಲಕ್ಷ ಸಿಗುತ್ತದೆ. ಆಸ್ಪತ್ರೆಯ ಖರ್ಚು ಅದರಲ್ಲಿ ಬರುವುದಿಲ್ಲವಾದ್ದರಿಂದ ಹತ್ತು ಮನೆಯವರೂ ಹಣ ಹಾಕಿ ಬೇರೆ ನಿಧಿಯೊಂದನ್ನು ಇಟ್ಟೆವು. ಮೇ ತಿಂಗಳ ಕೊನೆಯ ಮೊದಲ ಸುತ್ತಿನಿಂದ ಹಿಡಿದು ಬೇಸಿಗೆಯ ಕೊನೆಯ ಕೊಯ್ಲಿನ ತನಕ ಯಾರ ತೋಟ ಯಾವ ವಾರ ಎಂಬ ಪಟ್ಟಿ ಮಾಡಿದೆವು. ನಡುವಿನ ಬಿಡುವಿಗೆ ಕಾಳುಮೆಣಸು ಕೊಯ್ಯುವುದು, ಸೋಗೆ ಇಳಿಸುವುದು, ಚರಂಡಿ ಬಿಡಿಸುವುದು ಹೀಗೆ ಕೆಲಸ ಹೊಂದಿಸಿದೆವು. ಆ ಒಂಬತ್ತು ಜನರಲ್ಲಿ ಏಳು ಜನ ಈಗಲೂ ಇದ್ದಾರೆ.

ನೆಲದಲ್ಲಿ ನಿಂತೇ ಮದ್ದು ಬಿಡುವ, ಗೊನೆ ಕೊಯ್ಯುವ ಉದ್ದ ಕೋಲಾದ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಹತ್ತುವವರೇ ಬೇಡ ಎಂಬ ಮಾತು ಕೇಳಿಬರುತ್ತಿದೆ. ನಾವೂ ಒಂದನ್ನು ತಂದಿದ್ದೇವೆ, ಅದು ನಿಜಕ್ಕೂ ಉಪಕಾರಿ. ಆದರೆ ಅದಕ್ಕೂ ಕಲಿತ ಕೈ ಬೇಕು. ಕತ್ತೆತ್ತಿ ನಿಂತು ನಳಿಗೆಯ ತುದಿಯನ್ನು ಅಡಿಕೆ ಗೊನೆಯ ಸುತ್ತ ತಿರುಗಿಸುವುದು ಎರಡು ವಾರದ ಅಭ್ಯಾಸ. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ನಮ್ಮ ತೋಟಗಳ ಮೇಲೆ ತಂತಿಗಳು ಎಲ್ಲೆಂದರಲ್ಲಿ ಹಾದುಹೋಗಿವೆ. ಆದ್ದರಿಂದ ತಂತಿ ಹಾದುಹೋಗುವ ಸಾಲುಗಳ ಮರಗಳಿಗೆ ಕೆಂಪು ಬಣ್ಣ ಬಳಿದು, ಅಲ್ಲಿಗೆ ದೋಟಿ ಒಯ್ಯಬಾರದೆಂದು ನಿಯಮ ಮಾಡಿದ್ದೇವೆ. ಆ ಮರಗಳನ್ನು ಈಗಲೂ ನಮ್ಮ ಹುಡುಗರೇ ಲೈನ್ ಆಫ್ ಮಾಡಿಸಿಕೊಂಡು ಹತ್ತುತ್ತಾರೆ.