ನಿಮ್ಮ ಕಿರುಚಿತ್ರಕ್ಕೆ ಎಷ್ಟು ಅಗಲದ ಫ್ರೇಮು?

ಕಿರುಚಿತ್ರ ಮಾಡಲು ಹೊರಟ ಹುಡುಗರು ಕ್ಯಾಮೆರಾ ಕೆಲಸಕ್ಕೆಂದು ನನ್ನನ್ನು ಹುಡುಕಿಕೊಂಡು ಬಂದಾಗ ಮೊದಲು ಹೇಳುವ ಮಾತು ಒಂದೇ: "ಸ್ಕೋಪ್‌ನಲ್ಲೇ ಮಾಡೋಣ ಮೇಡಂ, ಸಿನಿಮಾ ಥರ ಕಾಣ್ಬೇಕು." ಸ್ಕೋಪ್ ಅಂದರೆ ಸಿನಿಮಾಸ್ಕೋಪ್, ಎತ್ತರಕ್ಕಿಂತ ಅಗಲ ಬಹಳ ಹೆಚ್ಚಿರುವ ಫ್ರೇಮು. ನನ್ನ ಮೊದಲ ಚಿತ್ರಕ್ಕೆ ನಾನೂ ಇದನ್ನೇ ಹೇಳಿದ್ದೆ. ಅದರಿಂದ ಕಳೆದುಕೊಂಡದ್ದು ಏನು ಅಂತ ಮೊದಲು ಹೇಳಿಬಿಡುತ್ತೇನೆ.

ಬಸವನಗುಡಿಯ ಒಂದು ಹಳೇ ವಠಾರದ ಮನೆ. ಕೋಣೆ ಹತ್ತು ಅಡಿಗೆ ಒಂಬತ್ತು ಅಡಿ. ಅಜ್ಜಿ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಾಳೆ, ಮೊಮ್ಮಗ ಬಾಗಿಲಲ್ಲಿ ನಿಂತು ಊರು ಬಿಟ್ಟು ಹೋಗುವ ಸುದ್ದಿ ಹೇಳುತ್ತಾನೆ. ಅವಳು ಕತ್ತೆತ್ತಿ ಅವನನ್ನು ನೋಡಬೇಕು. ಇಡೀ ಕಥೆ ಆ ಒಂದು ನೋಟದಲ್ಲಿತ್ತು. ಸ್ಕೋಪ್ ಫ್ರೇಮಿನಲ್ಲಿ ಅಜ್ಜಿಯನ್ನು ಹಿಡಿದರೆ ಹುಡುಗನ ಮೊಣಕಾಲು ಮಾತ್ರ. ಇಬ್ಬರೂ ಬೇಕೆಂದರೆ ಹಿಂದೆ ಸರಿಯಬೇಕು, ಹಿಂದೆ ಗೋಡೆ. ವೈಡ್ ಲೆನ್ಸ್ ಹಾಕಿದರೆ ಅಜ್ಜಿಯ ಮುಖ ಕಾಳಿನಷ್ಟಾಯಿತು. ಕೊನೆಗೆ ಎರಡು ಶಾಟ್ ಮಾಡಿ ಅಂಟಿಸಿದೆವು. ಎಡಬಲದಲ್ಲಿ ಖಾಲಿ ಗೋಡೆ ಬೇಕಾದಷ್ಟು ಸಿಕ್ಕಿತು, ಅಜ್ಜಿಯ ಕಣ್ಣಿನಿಂದ ಮೊಮ್ಮಗನ ಮುಖದವರೆಗಿನ ಎತ್ತರ ಸಿಗಲಿಲ್ಲ. ಆ ಹಿರಿಯ ನಟಿ ಮೊದಲ ಟೇಕ್‌ನಲ್ಲೇ ಕೊಟ್ಟ ನೋಟ ಇವತ್ತಿಗೂ ನನ್ನ ಕಣ್ಣಲ್ಲಿದೆ, ಚಿತ್ರದಲ್ಲಿಲ್ಲ.

ಹಾಗಾಗಿ ಆಸ್ಪೆಕ್ಟ್ ರೇಶಿಯೋ, ಅಂದರೆ ಫ್ರೇಮಿನ ಅಗಲ-ಎತ್ತರದ ಅನುಪಾತ, ಆರಿಸುವಾಗ ನಾನು ಈಗ ಕೇಳುವ ಮೊದಲ ಪ್ರಶ್ನೆ ಇದು: ನಿಮ್ಮ ಕಥೆಯ ಮುಖ್ಯ ದೃಶ್ಯದಲ್ಲಿ ಇಬ್ಬರ ನಡುವಿನ ದೂರ ಅಡ್ಡಡ್ಡ ಇದೆಯೋ, ಉದ್ದುದ್ದ ಇದೆಯೋ?

ನಮ್ಮ ಮಲೆನಾಡಿನ ಅಡಿಕೆ ತೋಟವನ್ನೇ ತೆಗೆದುಕೊಳ್ಳಿ. ಕೊನೆಗೌಡ ಮರದ ತುದಿಯಲ್ಲಿದ್ದಾನೆ, ಕೆಳಗೊಬ್ಬ ಹಗ್ಗ ಹಿಡಿದಿದ್ದಾನೆ, ಅಡಿಕೆ ಕೊನೆ ಮೇಲಿಂದ ಜಾರಿ ಬರುತ್ತಿದೆ. ಮೇಲಿನವನ ಜೀವಕ್ಕೂ ಕೆಳಗಿನವನ ನೋಟಕ್ಕೂ ಇರುವ ನಂಟನ್ನು ತೋರಿಸಲು 4:3ರಂಥ ಎತ್ತರದ ಫ್ರೇಮೇ ಸರಿ. ಅದೇ ತೋಟದ ಮನೆಯ ಅಂಗಳಕ್ಕೆ ಬನ್ನಿ. ಅಡಿಕೆ ಹರಡಿದ್ದಾರೆ, ಪಾಲು ಕೇಳಲು ಬಂದ ತಮ್ಮ ಈ ತುದಿಯಲ್ಲಿ ನಿಂತಿದ್ದಾನೆ, ಅಣ್ಣ ಆ ತುದಿಯಲ್ಲಿ. ಇಲ್ಲಿ ಸ್ಕೋಪ್ ತನ್ನ ಪೂರ್ತಿ ಶಕ್ತಿ ತೋರಿಸುತ್ತದೆ. ಒಂದೇ ಜಾಗ, ಕಥೆ ಬೇರೆ, ಫ್ರೇಮೂ ಬೇರೆ.

ಆ ಶಕ್ತಿ ಎಂಥದ್ದೆಂದು ನೋಡಬೇಕಾದರೆ 1959ರ 'ಕಾಗಜ್ ಕೇ ಫೂಲ್' ನೋಡಿ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಕ್ಯಾಮೆರಾ ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಅವರದು. ಖಾಲಿ ಸ್ಟುಡಿಯೋದಲ್ಲಿ ಇಬ್ಬರು ದೂರ ದೂರ ನಿಂತಿದ್ದಾರೆ, ನಡುವೆ ಮೇಲಿಂದ ಬೆಳಕಿನ ಕೋಲು ಇಳಿಯುತ್ತದೆ. ಪಕ್ಕದ ಕತ್ತಲನ್ನು ಮೂರ್ತಿಯವರು ತುಂಬಲು ಹೋಗಲಿಲ್ಲ. ಅದನ್ನೇ ಆ ಇಬ್ಬರ ಅಗಲಿಕೆಯಾಗಿ ಮಾಡಿದರು. ಅಗಲ ಸಿಕ್ಕಾಗ ಏನು ಮಾಡಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. (ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದದ್ದು 1977ರಲ್ಲಿ, 'ಸೊಸೆ ತಂದ ಸೌಭಾಗ್ಯ'ದೊಂದಿಗೆ.)

ಈಗ ಸಂಖ್ಯೆಗಳು. ಅಗಲವನ್ನು ಎತ್ತರದಿಂದ ಭಾಗಿಸಿದರೆ ಬರುವುದೇ ರೇಶಿಯೋ. ಹಳೇ ಟಿವಿಯ 4:3 ಅಂದರೆ 1.33. ಈಗಿನ ಟಿವಿಯ 16:9 ಅಂದರೆ 1.78. ಥಿಯೇಟರಿನವರು 'ಫ್ಲ್ಯಾಟ್' ಅನ್ನುವುದು 1.85. ಸ್ಕೋಪ್ 2.39. ಬಾಯಿಮಾತಿನಲ್ಲಿ ಇನ್ನೂ 2.35 ಎನ್ನುತ್ತೇವೆ, ಆದರೆ 1970ರ ನಂತರ ಬಳಕೆಗೆ ಬಂದ ಅಳತೆ 2.39; ಎಡಿಟಿಂಗ್ ಟೈಮ್‌ಲೈನಿನಲ್ಲಿ ಅದನ್ನೇ ಹಾಕಿ. ಫ್ಲ್ಯಾಟ್, ಸ್ಕೋಪ್ ಇವೆರಡರ ನಡುವೆ 2:1. ಛಾಯಾಗ್ರಾಹಕ ವಿಟ್ಟೋರಿಯೋ ಸ್ಟೊರಾರೋ 1998ರಲ್ಲಿ ಟಿವಿ, ಸಿನಿಮಾ ಎರಡಕ್ಕೂ ಇದೇ ಇರಲಿ ಎಂದು ಮುಂದಿಟ್ಟದ್ದು. ಈಗ ವೆಬ್ ಸರಣಿಗಳಲ್ಲಿ ಬಹಳ ಕಾಣುತ್ತದೆ.

ಬರೀ ಸಂಖ್ಯೆಯಿಂದ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಹಳೇ ಲಗ್ನಪತ್ರಿಕೆಗಳ ದಪ್ಪ ರಟ್ಟು ತೆಗೆದುಕೊಂಡು ಕಿಟಕಿಗಳನ್ನು ಕತ್ತರಿಸಿ. ಎಲ್ಲದರ ಎತ್ತರವೂ 5 ಸೆಂ.ಮೀ. ಇರಲಿ, ಅಗಲ ಮಾತ್ರ 4:3ಕ್ಕೆ 6.7, ಫ್ಲ್ಯಾಟ್‌ಗೆ 9.3, 2:1ಕ್ಕೆ 10, ಸ್ಕೋಪ್‌ಗೆ 12. ಪ್ರತಿ ರಟ್ಟಿಗೂ ಒಂದೇ ಉದ್ದದ ದಾರ ಕಟ್ಟಿ, ತುದಿಗೆ ಗಂಟು ಹಾಕಿ. ಗಂಟನ್ನು ಕೆನ್ನೆಗೆ ಒತ್ತಿಕೊಂಡು ದಾರ ಬಿಗಿಯಾಗುವಷ್ಟು ರಟ್ಟನ್ನು ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ. ದಾರ ಇಲ್ಲದಿದ್ದರೆ ಕೈ ಹಿಂದೆ ಮುಂದೆ ಆಗಿ ಹೋಲಿಕೆ ಕೆಡುತ್ತದೆ. ಲೊಕೇಶನ್ ನೋಡಲು ಹೋದಾಗ ಇವು ಜೋಳಿಗೆಯಲ್ಲಿರಲಿ. ಇಬ್ಬರನ್ನು ನಿಲ್ಲಿಸಿ, ಒಬ್ಬರನ್ನು ಕೂರಿಸಿ, ಒಬ್ಬರನ್ನು ಎಬ್ಬಿಸಿ ನೋಡಿ. ವಠಾರದ ಆ ಕೋಣೆಗೆ ಹೋದಾಗ ನನ್ನ ಬಳಿ ಇವು ಇದ್ದಿದ್ದರೆ ಐದೇ ನಿಮಿಷದಲ್ಲಿ ತಿಳಿಯುತ್ತಿತ್ತು.

16:9 ಹುಟ್ಟಿದ್ದೂ ಇಂಥದ್ದೇ ಆಯತಗಳಿಂದ. 1980ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್ ಅಂದು ಬಳಕೆಯಲ್ಲಿದ್ದ ರೇಶಿಯೋಗಳ ಆಯತಗಳನ್ನು ಒಂದೇ ವಿಸ್ತೀರ್ಣ ಬರುವಂತೆ ಮಾಡಿ, ನಡುಬಿಂದು ಹೊಂದಿಸಿ ಒಂದರ ಮೇಲೊಂದು ಇಟ್ಟರು. ಎಲ್ಲವನ್ನೂ ಒಳಗೊಳ್ಳುವ ಹೊರ ಆಯತ, ಎಲ್ಲಕ್ಕೂ ಸಾಮಾನ್ಯವಾದ ಒಳ ಆಯತ, ಎರಡೂ ಸುಮಾರು 1.78 ಬಂದವು. ಎಲ್ಲರಿಗೂ ಸ್ವಲ್ಪ ಸ್ವಲ್ಪ ಹೊಂದುವ ಅಳತೆ ಅದು. ನಿಮ್ಮ ಕಥೆಗೂ ಅದು ಹೊಂದಿದರೆ ಧಾರಾಳವಾಗಿ ಬಳಸಿ, ಅದರಲ್ಲಿ ಕೀಳು ಏನೂ ಇಲ್ಲ.

ಎರಡನೇ ಪ್ರಶ್ನೆ: ನೋಡುವವರು ಎಲ್ಲಿ ನೋಡುತ್ತಾರೆ? 1953ರಲ್ಲಿ, ಮನೆಯ ಟಿವಿಗೆ ಅಂಟಿಕೊಂಡ ಅಮೆರಿಕದ ಜನರನ್ನು ಥಿಯೇಟರಿಗೆ ಮರಳಿ ಕರೆಯಲು ಸಿನಿಮಾಸ್ಕೋಪ್ ಬಂತು. ಪರದೆಯ ಎತ್ತರ ಹಾಗೇ ಉಳಿದು ಪಕ್ಕಕ್ಕೆ ಬೆಳೆಯಿತು. ಸ್ಕೋಪ್ ಅಂದರೆ ಹೆಚ್ಚಿಗೆ ಸಿಕ್ಕ ಚಿತ್ರ. ಫೋನಿನಲ್ಲಿ ಇದು ತಲೆಕೆಳಗು. ಫೋನನ್ನು ನೆಟ್ಟಗೆ ಹಿಡಿದು ನೋಡುವವನಿಗೆ ಸಿಗುವ ಅಗಲ ಸುಮಾರು 7 ಸೆಂ.ಮೀ. ಅದರಲ್ಲಿ 4:3 ಚಿತ್ರದ ಎತ್ತರ 5.3 ಸೆಂ.ಮೀ., 16:9ರದ್ದು 3.9, ಸ್ಕೋಪಿನದ್ದು 2.9. ಅಜ್ಜಿಯ ಮುಖ ಎಷ್ಟು ದೊಡ್ಡದಾಗಿ ಕಾಣಬಹುದು ಎಂದು ನೀವೇ ಲೆಕ್ಕ ಹಾಕಿ. ಅದಕ್ಕೇ ನಾನು 7 ಸೆಂ.ಮೀ. ಅಗಲದ ಇನ್ನೊಂದು ಸೆಟ್ ರಟ್ಟು ಇಟ್ಟುಕೊಂಡಿದ್ದೇನೆ. ಯೂಟ್ಯೂಬಿಗೆಂದೇ ಮಾಡುವ, ಮುಖಗಳೇ ಮುಖ್ಯವಾದ ಕಥೆಗೆ ಸ್ಕೋಪ್ ಬೇಡ ಎಂದು ನಾನು ಜಗಳ ಆಡಿಯಾದರೂ ಹೇಳುತ್ತೇನೆ.

ಮಾಮೂಲಿ ಲೆನ್ಸಿನಲ್ಲಿ ಸ್ಕೋಪ್ ಮಾಡುವವರು ಇನ್ನೊಂದು ತಿಳಿದಿರಬೇಕು. 3840×2160 ಪಿಕ್ಸೆಲ್ ಚಿತ್ರದ ಮೇಲೆ ಕೆಳಗೆ ಕತ್ತರಿಸಿದಾಗ ಉಳಿಯುವ ಎತ್ತರ 1606 ಪಿಕ್ಸೆಲ್. ಸೆನ್ಸರಿನ ಕಾಲು ಭಾಗ ಹೋಯಿತು. ಅಡ್ಡಡ್ಡ ಹಿಸುಕಿ ಹಿಡಿದು ಆಮೇಲೆ ಬಿಡಿಸುವ ಅನಾಮಾರ್ಫಿಕ್ ಲೆನ್ಸಿನ ಮಾತು ಬೇರೆ, ಬಾಡಿಗೆಯೂ ಬೇರೆ. ಕತ್ತರಿಸುವುದಾದರೆ ಶೂಟಿಂಗ್ ದಿನವೇ ಕ್ಯಾಮೆರಾದಲ್ಲಿ ಫ್ರೇಮ್ ಗೈಡ್, ಅಂದರೆ ಕತ್ತರಿಸಿದ ಮೇಲೆ ಉಳಿಯುವ ಭಾಗ ತೋರಿಸುವ ಗೆರೆ, ಹಾಕಿ. ಮಾನಿಟರಿನಲ್ಲಿ ಗೈಡ್ ಬರದಿದ್ದರೆ ಗಾಜಿನ ಮೇಲೆ ಮೇಲೊಂದು ಕೆಳಗೊಂದು ಕಪ್ಪು ಟೇಪು ಅಂಟಿಸಿ. 16:9ರಲ್ಲಿ ಶೂಟ್ ಮಾಡಿ ಕಪ್ಪು ಪಟ್ಟಿಯನ್ನು ಎಡಿಟಿಂಗ್‌ನಲ್ಲಿ ಹಾಕಿಕೊಳ್ಳೋಣ ಎಂದರೆ ಹಣೆ, ಗದ್ದ, ಕೈಯ ಸನ್ನೆ ಎಲ್ಲ ಆ ಪಟ್ಟಿಯ ಅಡಿಗೆ ಹೋಗುತ್ತವೆ.

ಕೊಡುವಾಗಲೂ ಎಚ್ಚರ ಬೇಕು. ಆನ್‌ಲೈನಿಗಾದರೆ ಸ್ಕೋಪ್ ಚಿತ್ರಕ್ಕೆ ಕಪ್ಪು ಪಟ್ಟಿ ಸೇರಿಸದೆ 1920×804ರಲ್ಲಿ ಫೈಲ್ ತೆಗೆಯಿರಿ. ಉದ್ದನೆಯ ಫೋನನ್ನು ಅಡ್ಡ ಹಿಡಿದಾಗ ಚಿತ್ರ ಹೆಚ್ಚು ಜಾಗ ತುಂಬುತ್ತದೆ. ಪಟ್ಟಿ ಫೈಲಿನೊಳಗೇ ಇದ್ದರೆ ನಾಲ್ಕೂ ಕಡೆ ಕಪ್ಪು. ಥಿಯೇಟರಿಗೆ ಡಿಸಿಪಿ (ಥಿಯೇಟರಿನಲ್ಲಿ ಪ್ರದರ್ಶಿಸಲು ಕೊಡುವ ಡಿಜಿಟಲ್ ಪ್ರತಿ) ಮಾಡಿಸುವಾಗ 2ಕೆ ಅಳತೆಯಲ್ಲಿ ಫ್ಲ್ಯಾಟ್ 1998×1080, ಸ್ಕೋಪ್ 2048×858. ಸ್ಕೋಪ್ ಚಿತ್ರವನ್ನು ಫ್ಲ್ಯಾಟ್‌ನೊಳಗೆ ಹಾಕಿ ಕೊಡಬೇಡಿ. ಸ್ಕೋಪ್ ಪರದೆಯ ನಡುವೆ ಅಂಚೆ ಲಕೋಟೆ ಅಂಟಿಸಿದ ಹಾಗೆ ಕಾಣುತ್ತದೆ. ಪ್ರದರ್ಶನದ ಹಿಂದಿನ ದಿನ ಹಾಲ್‌ಗೆ ಹೋಗಿ, ಪರದೆ ಎಷ್ಟು ಅಗಲ, ಪಕ್ಕದ ಕಪ್ಪು ಬಟ್ಟೆ ಸರಿಯುತ್ತದೆಯೋ ಇಲ್ಲವೋ ಎಂದು ಆಪರೇಟರನ್ನು ಕೇಳಿ. ಒಂದು ನಿಮಿಷದ ತುಣುಕು ಹಾಕಿಸಿ, ಕೊನೇ ಸಾಲಿನಲ್ಲಿ ಕೂತು, ಆಮೇಲೆ ಮೊದಲ ಸಾಲಿನಲ್ಲಿ ಕೂತು ನೋಡಿ.